ಆಕ್ಟೋಪಸ್ ಮನೆಗೆ ಹವಳ ಹುಡುಕಿದ್ದು

ನನ್ನ ಹೆಸರು ಮೀನಾಕ್ಷಿ. ಮಂಡ್ಯದ ಒಂದು ಅಕ್ವೇರಿಯಂ ಅಂಗಡಿಯಲ್ಲಿ ದುಡಿದು ನಿವೃತ್ತಳಾದವಳು. ಮೀನಿನ ಅಂಗಡಿಗೆ ಮೀನಾಕ್ಷಿಯೇ ಸಿಕ್ಕಳಲ್ಲ ಎಂಬ ಹಾಸ್ಯವನ್ನು ಪ್ರತಿಯೊಬ್ಬ ಗಿರಾಕಿಯೂ ತನಗೇ ಮೊದಲು ಹೊಳೆಯಿತು ಎಂಬಂತೆ ಹೇಳಿದ್ದಾನೆ. ನಾನೂ ಪ್ರತಿ ಸಲ ಮೊದಲ ಬಾರಿಗೆ ಕೇಳಿದವಳಂತೆ ನಕ್ಕಿದ್ದೇನೆ. ಈ ಕಸುಬಿಗೆ ಬರುವ ಹುಡುಗ ಹುಡುಗಿಯರು ಮೊದಲು ಕಲಿಯಬೇಕಾದದ್ದು ಈ ನಗುವನ್ನು. ನೀರಿನ ಪರೀಕ್ಷೆ ಆಮೇಲೆ ಕಲಿತರೂ ನಡೆಯುತ್ತದೆ.

ಈಚೆಗೆ ಕೆಲವರು ಫೋನ್ ಮಾಡಿ, ಸಮುದ್ರದ ನೀರಿನ ಟ್ಯಾಂಕಿನ ಕೆಲಸ ಶುರು ಮಾಡುತ್ತಿದ್ದೇವೆ, ನಾಲ್ಕು ಮಾತು ಹೇಳಿ ಎನ್ನುತ್ತಾರೆ. ಅವರೆಲ್ಲ ಮೊಬೈಲಿನಲ್ಲಿ ನೀಲಿ ಬೆಳಕಿನ ಟ್ಯಾಂಕು, ಅದರ ಮುಂದೆ ಕಾಫಿ ಹಿಡಿದು ನಿಂತ ಸುಂದರ ಜನ, ಹಿಂದೆ ಸಂಗೀತ ಇವನ್ನು ನೋಡಿದವರು. ನಿಜವಾದ ಕೆಲಸದಲ್ಲಿ ಸಂಗೀತ ಇಲ್ಲ. ಬೇರೆಯವರ ಮನೆಯ ಹಾಲಿನಲ್ಲಿ ಮಂಡಿಯೂರಿ, ಭುಜದವರೆಗೆ ಒದ್ದೆಯಾಗಿ, ಉಪ್ಪಿಗೆ ಬಿರಿದ ಬೆರಳುಗಳಿಂದ ಪಾಚಿ ಉಜ್ಜುತ್ತಿರುವಾಗ, ಮನೆಯ ಯಜಮಾನರು ಸೋಫಾದ ಮೇಲೆ ಕೂತು "ನೆಲಕ್ಕೆ ನೀರು ಬೀಳ್ದಂಗೆ ನೋಡ್ಕಳಿ" ಎನ್ನುವುದೇ ಆ ಕೆಲಸ.

ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ನಾನು ರಾಜಣ್ಣನವರ ಅಂಗಡಿ ಸೇರಿದಾಗ ಮಂಡ್ಯದ ಜನಕ್ಕೆ ಮೀನನ್ನು ನೋಡಲಿಕ್ಕೆಂದು ಕೊಳ್ಳುವುದೇ ಒಂದು ವಿಚಿತ್ರ. ಒಳಗೆ ಬಂದವರು ಗೋಲ್ಡ್ ಫಿಶ್ ತೋರಿಸಿ, "ಕೇಜಿ ಎಂಗವ್ವ?" ಎಂದು ಕೇಳುತ್ತಿದ್ದರು. ಸಾರಿಗೆ ಅಲ್ಲ ಎಂದರೆ, "ಮತ್ಯಾಕ್ ಸಾಕೀರಿ?" ಎನ್ನುತ್ತಿದ್ದರು. ಆಮೇಲೆ ವಾಸ್ತು ಬಂತು. ಯಾವ ಮೂಲೆಯಲ್ಲಿ ಯಾವ ಮೀನು ಇಟ್ಟರೆ ಮನೆಗೆ ಏಳಿಗೆ ಎಂದು ಟಿವಿಯವರು ಹೇಳಿದ್ದೇ ತಡ, ಕೇಜಿ ಕೇಳುತ್ತಿದ್ದವರೆಲ್ಲ ಮೂಲೆ ಕೇಳತೊಡಗಿದರು. ಏಳಿಗೆ ಯಾರಿಗೆ ಆಯಿತೋ ತಿಳಿಯದು. ರಾಜಣ್ಣನವರು ಮಾತ್ರ ಪಕ್ಕದ ಅಂಗಡಿಯನ್ನೂ ಬಾಡಿಗೆಗೆ ಹಿಡಿದರು.

ರಾಜಣ್ಣನವರು ಒಳ್ಳೆಯ ಮನುಷ್ಯ. ಅವರ ವ್ಯಾಪಾರ ನೀತಿ ಇನ್ನೂ ಒಳ್ಳೆಯದು: ಗಿರಾಕಿ ಏನು ಕೇಳಿದರೂ "ಐತೆ" ಅನ್ನಬೇಕು. "ಇಲ್ಲ ಅನ್ನೋ ಮಾತು ನಮ್ಮ ಅಂಗಡೀಲಿ ಇಲ್ಲ" ಎನ್ನುತ್ತಿದ್ದರು. ಅವರು ಐತೆ ಅಂದದ್ದನ್ನು ಎಲ್ಲಿಂದಲಾದರೂ ಹೊಂಚಿ ತಂದು, ಸಾಯದ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿನ ನೀತಿ. ಸಮುದ್ರದ ಮೀನಿಗೆ ಮೊದಮೊದಲು ಮಂಗಳೂರಿನಿಂದ ಲಾರಿಯಲ್ಲಿ ಕ್ಯಾನುಗಟ್ಟಲೆ ಕಡಲ ನೀರು ತರಿಸುತ್ತಿದ್ದೆವು. ದಾರಿಯಲ್ಲಿ ಎಷ್ಟು ಕಡಲು ಚೆಲ್ಲಿ, ಎಷ್ಟು ಬೋರ್‌ವೆಲ್ ಸೇರುತ್ತಿತ್ತೋ ಲಾರಿಯವನಿಗೇ ಗೊತ್ತು. ಆಮೇಲೆ ಉಪ್ಪಿನ ಪ್ಯಾಕೆಟ್ ಬಂತು. ಶುದ್ಧ ನೀರಿಗೆ ಅಳೆದು ಬೆರೆಸಿದರೆ ಮಂಡ್ಯದಲ್ಲೇ ಸಮುದ್ರ ತಯಾರು. ಈ ಒಂದು ಬದಲಾವಣೆಯಿಂದಲೇ ಮುಂದಿನ ಕಥೆ ಸಾಧ್ಯವಾಯಿತು.

ಮದ್ದೂರಿನಲ್ಲಿ ಜವರೇಗೌಡರೆಂಬ ರಸ್ತೆ ಕಂಟ್ರಾಕ್ಟರು ಹೊಸ ಮನೆ ಕಟ್ಟಿಸುತ್ತಿದ್ದರು. ಅವರ ತಂಗಿಯನ್ನು ಕೊಟ್ಟಿದ್ದು ಮಳವಳ್ಳಿಗೆ. ಆ ಭಾವ, ಮಾದೇಗೌಡರು, ನಮ್ಮ ಹಳೆಯ ಗಿರಾಕಿ. ಅವರ ಮನೆಯಲ್ಲಿ ಸಮುದ್ರದ ಟ್ಯಾಂಕು, ಅದರಲ್ಲಿ ಕಿತ್ತಳೆ ಬಣ್ಣದ ಕ್ಲೌನ್ ಮೀನು ಎಲ್ಲ ಇದ್ದವು. ಜವರೇಗೌಡರು ನಮ್ಮ ಅಂಗಡಿಗೆ ಬಂದು ಕೂತವರೇ ಕೇಳಿದ್ದು ಒಂದೇ ಮಾತು.

"ನಮ್ಮ ಬಾವನ ಮನೇಲಿಲ್ದೇ ಇರೋದು ಏನದೆ?"

ರಾಜಣ್ಣನವರು ಒಂದು ಕ್ಷಣವೂ ತಡೆಯದೆ, "ಆಕ್ಟೋಪಸ್ ಐತೆ" ಅಂದುಬಿಟ್ಟರು.

ಇರಲಿಲ್ಲ. ಗೌಡರು ಹೋದ ಮೇಲೆ ನಾನು ಕೇಳಿದೆ. "ಅಣ್ಣ, ಆಕ್ಟೋಪಸ್ ಎಲ್ಲಿದೆ?"

"ಸಮುದ್ರದಲ್ಲಿ ಇರ್ತದಲ್ವಾ? ತರ್ಸು" ಅಂದರು.

ಚೆನ್ನೈನ ಒಬ್ಬ ವ್ಯಾಪಾರಿಯ ಹತ್ತಿರ ಅಂಗೈ ಅಗಲದ ಸಣ್ಣ ಜಾತಿಯದೊಂದು ಇರುವುದು ಖಾತರಿಯಾಯಿತು. ಅದು ಬರುವ ಮುಂಚೆ ಟ್ಯಾಂಕು ಹಣ್ಣಾಗಬೇಕು, ಅಂದರೆ ಕಲ್ಲು, ಮರಳು, ನೀರು ಕೂಡಿಕೊಂಡು ಒಂದು ಹದಕ್ಕೆ ಬರಬೇಕು. ಗೌಡರು ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟುಕೊಂಡಿದ್ದರು. ನೀರಿಗೆ ಮುಹೂರ್ತ ಗೊತ್ತಾಗುವುದಿಲ್ಲ ಎಂದು ತಿಳಿಸಿ ಹೇಳುವುದರಲ್ಲಿ ನನ್ನ ಗಂಟಲು ಹರಿಯಿತು.

ಹಳೆಯ ಮನೆ ಕೆಡವಿದ್ದರಿಂದ ಮನೆಯವರು ಗೃಹಪ್ರವೇಶಕ್ಕೆ ಮುಂಚೆಯೇ ಹೊಸ ಮನೆಯ ಕೆಳಗಿನ ಭಾಗದಲ್ಲಿ ಇರತೊಡಗಿದ್ದರು. ಹವಳ ಆರಿಸುವುದಕ್ಕೆ ನಾನು ಅಲ್ಲಿಗೆ ಹೋದ ದಿನ ಗೌಡರ ತಾಯಿ ಸಾಕಮ್ಮ ಹಾಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹವಳ ಎಂಬ ಮಾತು ಕಿವಿಗೆ ಬಿದ್ದದ್ದೇ, "ಯಾವ ಬೆರಳ್ಗೆ ಹಾಕೊಳಕೆ ಏಳವ್ರೆ ಜೋಯ್ಸ್ರು?" ಎಂದು ಕೇಳಿದರು.

"ಉಂಗುರದ ಹವಳ ಅಲ್ಲ ಅವ್ವ. ಜೀವ ಇರೋದು. ನೋಡೋಕೆ ಹೂವಿನ ಥರ, ಆದ್ರೆ ಪ್ರಾಣಿ" ಅಂದೆ.

"ಹೂವೇ ಪ್ರಾಣಿಯಾ? ಬುಡು, ನಿಮ್ಮ ಕಾಲ್ದಲ್ಲಿ ಏನಾರ ಆಗ್ಲಿ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಗೌಡರು ಮೊಬೈಲು ತೆರೆದು ತೋರಿಸಿದರು. ಉದ್ದ ಉದ್ದ ಬೆರಳುಗಳು ಬೆಂಕಿಯ ಹಾಗೆ ಆಡುವ ಹವಳ, ಸುತ್ತಿಗೆಯ ಆಕಾರದ ಹವಳ, ಮಿದುಳಿನಂಥದ್ದು. ಎಲ್ಲವೂ ಬೇಕು. ಅವರ ಮನಸ್ಸಿನಲ್ಲಿದ್ದದ್ದು ಮದುವೆ ಮಂಟಪ. ಆಕ್ಟೋಪಸ್ ಅದರಲ್ಲಿ ಮದುಮಗ.

ನಾನು ಒಂದೊಂದಾಗಿ ಹೇಳಿದೆ. ಗಟ್ಟಿ ಅಸ್ಥಿಯ ಹವಳಗಳನ್ನೆಲ್ಲ ನಮ್ಮ ದೇಶದಲ್ಲಿ ವನ್ಯಜೀವಿ ಕಾನೂನಿಗೆ ಸೇರಿಸಿದ್ದಾರೆ. ಹುಲಿಗೆ ಯಾವ ಮರ್ಯಾದೆಯೋ ಅದಕ್ಕೂ ಅದೇ. ಮನೆಯಲ್ಲಿ ಇಡುವ ಹಾಗಿಲ್ಲ. ಎರಡನೆಯದು, ಆ ಬೆರಳುಗಳ ತುದಿಯಲ್ಲೆಲ್ಲ ಕಣ್ಣಿಗೆ ಕಾಣದ ಮುಳ್ಳು ಇರುತ್ತವೆ. ಮೀನಿಗೆ ಹುರುಪೆ ಇದೆ, ತಡೆದುಕೊಳ್ಳುತ್ತದೆ. ಆಕ್ಟೋಪಸ್ಸಿಗೆ ಹುರುಪೆ ಇಲ್ಲ, ಚಿಪ್ಪಿಲ್ಲ, ಬರೀ ಮೈ. ಅದು ಟ್ಯಾಂಕಿನ ಮೂಲೆ ಮೂಲೆಯನ್ನೂ ಕಾಲಿನಿಂದ ತಡವಿ ನೋಡುವ ಜೀವಿ. ಚುಚ್ಚುವ ಹವಳದ ನಡುವೆ ಅದನ್ನು ಬಿಟ್ಟರೆ, ಬರಿಗಾಲಿನಲ್ಲಿ ಕಳ್ಳಿ ಬೇಲಿಯೊಳಗೆ ಬಿಟ್ಟ ಹಾಗೆ. ಮೂರನೆಯದು ಬೆಳಕು. ಕೆಲವು ಹವಳಗಳಿಗೆ ಉರಿಯುವ ಬೆಳಕು ಬೇಕು. ಆಕ್ಟೋಪಸ್ಸಿಗೆ ಮಬ್ಬು ಇಷ್ಟ. ಇಬ್ಬರೂ ಒಂದೇ ಮನೆಯಲ್ಲಿ ಇರಬೇಕಾದರೆ ಮಬ್ಬಿನಲ್ಲೂ ಬದುಕುವ, ಚುಚ್ಚದ, ಎಳೆದಾಡಿದರೂ ಸಾಯದ ಹವಳ ಬೇಕು.

"ಅಂಗಾರೆ ಏನ್ ಬುಡ್ಬೋದು?" ಗೌಡರ ಮುಖ ಆಗಲೇ ಇಳಿದಿತ್ತು.

"ಅಣಬೆ ಹವಳ. ತೊಗಲು ಹವಳ. ಹಿಂದಿನ ಗೋಡೆಗೆ ಹುಲ್ಲಿನ ಥರ ಹಬ್ಬೋ ಒಂದು ಹಸಿರು ಹವಳ."

"ಅಣ್ಬೆ, ತೊಗಲು, ಉಲ್ಲು" ಎಂದು ಗೌಡರು ಬೆರಳು ಮಡಿಸಿದರು. "ಇದ್ಕೆ ನಾನು ಟ್ಯಾಂಕ್ ಯಾಕ್ ಕಟ್ಟುಸ್ಬೇಕು ಮೇಡಂ? ನಮ್ಮ ತಿಪ್ಪೆ ಮ್ಯಾಲೆ ಎಲ್ಲಾ ಐತೆ."

ಸಾಕಮ್ಮ ತಲೆ ಎತ್ತದೆಯೇ, "ಇರೋದು ಆ ಪ್ರಾಣಿ ತಾನೆ? ಅದ್ಕೆ ಒಗ್ಗೋದು ತರ್ಲಿ ಬುಡ್ಲಾ. ನಿಂಗೇನ್ ಒಳಗೋಗಿ ಮಲೀಕಬೇಕಾ?" ಅಂದರು. ಹವಳದ ಆಯ್ಕೆ ಅಲ್ಲಿಗೆ ಮುಗಿಯಿತು. ಆದರೂ ಗೌಡರು ಕೊನೆಯದಾಗಿ, ಅಂಗಿಯ ಗುಂಡಿಯ ಹಾಗೆ ಗುಂಪು ಗುಂಪಾಗಿ ಬೆಳೆಯುವ ಇನ್ನೊಂದು ಬಣ್ಣದ ಹವಳ ಕೇಳಿದರು. ಅದರಲ್ಲಿ ಕೆಲವಕ್ಕೆ ಮನುಷ್ಯರಿಗೇ ಆಗದ ನಂಜು ಇರುತ್ತದೆ, ಮನೆಯಲ್ಲಿ ಅಜ್ಜಿ ಇದ್ದಾರೆ, ಕೈ ಹಾಕಿದರೆ ಕಷ್ಟ ಎಂದು ಅದನ್ನೂ ಕೈಬಿಡಿಸಿದೆ. "ನಾನ್ಯಾಕ್ ಅದ್ರೊಳಕ್ಕೆ ಕೈ ಹಾಕ್ಲಿ?" ಎಂದು ಸಾಕಮ್ಮ ರೇಗಿದರು.

ಆಕ್ಟೋಪಸ್ ಬಂದ ಮಾರನೆಯ ವಾರ ನಾನು ಹೋಗಿ ನೋಡಿದರೆ, ಸಾಕಮ್ಮ ಕುರ್ಚಿಯ ಮೇಲೆ ಕೂತು ಟ್ಯಾಂಕಿನೊಳಕ್ಕೆ ಮೊಣಕೈವರೆಗೆ ಕೈ ಇಳಿಬಿಟ್ಟಿದ್ದರು. ಆಕ್ಟೋಪಸ್ ಎರಡು ಕಾಲನ್ನು ಅವರ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು.

"ಎಂಟ್ಕಾಲಮ್ಮ ನನ್ನ ಬಳೆ ಎಣುಸ್ತಾಳೆ ಕಣವ್ವ" ಅಂದರು.

ಅದಕ್ಕೆ ಹೆಸರು ಎಂಟ್ಕಾಲಮ್ಮ ಎಂದೇ ಆಯಿತು. ಅದು ನಾನು ಮಾಡಿದ ಕಲ್ಲುಜೋಡಣೆಗೆ ಬೆಲೆಯನ್ನೇ ಕೊಡಲಿಲ್ಲ. ಬೇಕಾದ ಕಲ್ಲುಗಳನ್ನು ಎಳೆದು ಒಂದು ಗವಿ, ಅದಕ್ಕೊಂದು ಬಾಗಿಲು ಮಾಡಿಕೊಂಡಿತು. ಅಣಬೆ ಹವಳದ ಒಂದು ತುಂಡನ್ನು ಕಿತ್ತು ಗವಿಯ ಮುಂದೆ, ತುಳಸಿಕಟ್ಟೆಯ ಹಾಗೆ, ಪ್ರತಿಷ್ಠಾಪಿಸಿತು. ನಾನು ವಾಪಸ್ಸು ಇಟ್ಟರೆ ಅದು ಮತ್ತೆ ಕೀಳುತ್ತಿತ್ತು. ಕೊನೆಗೆ ಮನೆ ಅದರದ್ದು ಎಂದು ಒಪ್ಪಿಕೊಂಡೆ. ಅದರ ಊಟಕ್ಕೆ ಏಡಿ ಬೇಕಿತ್ತು. ಔಷಧಿ ಹೊಡೆದ ಗದ್ದೆಯ ಏಡಿ ಕೊಟ್ಟರೆ ಸಾಯುತ್ತದೆ ಎಂದಿದ್ದೆ. ಸಾಕಮ್ಮ ಬೆಳಕವಾಡಿಯ ಕಡೆ ಔಷಧಿ ಹೊಡೆಯದ ಒಬ್ಬ ನೆಂಟರ ಗದ್ದೆಯನ್ನು ಪತ್ತೆ ಮಾಡಿ ಅಲ್ಲಿಂದ ತರಿಸತೊಡಗಿದರು. ಅರ್ಧ ಸಾರಿಗೆ, ಅರ್ಧ ಟ್ಯಾಂಕಿಗೆ. ಇಬ್ಬರೂ ಒಂದೇ ಹೊತ್ತಿಗೆ ಊಟ ಮಾಡುತ್ತಿದ್ದರಂತೆ.

ಗೌಡರಿಗೆ ಮಾತ್ರ ಸಮಾಧಾನವಿಲ್ಲ. ಅವರು ನೆಂಟರನ್ನು ಕರೆತಂದಾಗಲೆಲ್ಲ ಎಂಟ್ಕಾಲಮ್ಮ ಗವಿಯೊಳಗೆ. ಬಂದವರು ಎರಡು ನಿಮಿಷ ನೋಡಿ, "ಎಲ್ಲಯ್ಯ? ಬರೀ ಕಲ್ಲವೆ" ಎಂದು ಊಟಕ್ಕೆ ಏಳುತ್ತಿದ್ದರು. ಬಣ್ಣ ಬದಲಾಯಿಸಿಕೊಂಡು ಕಲ್ಲಿನ ಮೇಲೇ ಕೂತಿದ್ದರೂ ಯಾರಿಗೂ ಕಾಣುತ್ತಿರಲಿಲ್ಲ. "ಇದನ್ನ ಒಸಿ ಹೊರಗ್ ಬರಂಗೆ ಏನಾರ ಮಾಡಿ ಮೇಡಂ" ಎಂದು ಗೌಡರು ನನ್ನನ್ನು ಕೇಳಿದ್ದರು. ರಾಜಣ್ಣನವರು ಫೋನಿನಲ್ಲಿ ಆಗಲೇ "ಮಾಡ್ಬೋದು" ಅಂದಿದ್ದರು.

ಗೃಹಪ್ರವೇಶ ಬಂತು. ಆ ದಿನ ನಾನು ಟ್ಯಾಂಕಿನ ಮುಂದೆ ಪೊಲೀಸಿನವಳಂತೆ ನಿಂತೆ, ಏಕೆಂದರೆ ತಾಮ್ರ ಆಕ್ಟೋಪಸ್ಸಿಗೆ ವಿಷ. ಪುರೋಹಿತರು ತಾಮ್ರದ ಚೊಂಬಿನಿಂದ ಮನೆಯ ಮೂಲೆ ಮೂಲೆಗೂ ತೀರ್ಥ ಹಾಕುತ್ತ ಬಂದರು. ಇಲ್ಲಿಗೆ ಬೇಡ ಸ್ವಾಮಿ ಎಂದರೆ, "ಗಂಗೆಗೆ ಗಂಗೆ ಸೇರಿದ್ರೆ ಏನಮ್ಮ ದೋಷ?" ಎಂದರು. ನಾಲ್ಕು ಜನ ಹೆಂಗಸರು ನೀರು ಕಂಡಕೂಡಲೇ ಕೈ ಮುಗಿದು ನಾಣ್ಯ ಹಾಕಲು ಬಂದರು. ಎಲ್ಲರನ್ನೂ ತಡೆದೆ. ಸಂಜೆ ಊಟಕ್ಕೆ ಕರೆದರೆಂದು ಮೇಲಿನ ಮಹಡಿಗೆ ಹೋದೆ, ಊಟ ಮುಗಿಸಿ ಹಾಗೆಯೇ ಮಂಡ್ಯದ ಬಸ್ಸು ಹತ್ತಿದೆ. ನಾನು ಎಲೆಯ ಮುಂದೆ ಕೂತಿದ್ದಾಗಲೇ ಮಳವಳ್ಳಿಯ ಮಾದೇಗೌಡರು ತಮ್ಮ ಉಡುಗೊರೆ ಕೊಟ್ಟದ್ದು: ಬೆಂಗಳೂರಿನಿಂದ ತರಿಸಿದ, ಊಟದ ತಟ್ಟೆಯಷ್ಟು ಅಗಲದ ಕಡಲ ಹೂವು. ಹೆಸರು ಹೂವು, ಹವಳದ ಹತ್ತಿರದ ಸಂಬಂಧಿ, ಮೈತುಂಬ ಮುಳ್ಳು. ಅವರ ಮನೆಯ ಕ್ಲೌನ್ ಮೀನು ಅದರ ನಡುವೆಯೇ ಮಲಗುವ ಜಾತಿ. ಅದಕ್ಕೆ ಒಗ್ಗಿದ್ದು ಎಲ್ಲರಿಗೂ ಒಗ್ಗುತ್ತದೆ ಎಂದುಕೊಂಡಿದ್ದರು. ಜವರೇಗೌಡರು ನನ್ನನ್ನು ಕೇಳದೆ, ಫೋಟೋದವರನ್ನು ಕರೆದು, ಎಲ್ಲರ ಮುಂದೆ ಅದನ್ನು ಟ್ಯಾಂಕಿಗೆ ಬಿಟ್ಟರು. ಕೊನೆಗೂ ಒಳಗೊಂದು ಬಣ್ಣ ಬಂದಿತ್ತು.

ಮಾರನೆಯ ಬೆಳಿಗ್ಗೆ ಸಾಕಮ್ಮನ ಫೋನು.

"ಮೀನಾಕ್ಷಿ, ಬಾರವ್ವ ಬೇಗ. ಎಂಟ್ಕಾಲಮ್ಮ ಬೆಳ್ಳಗೆ ಬಿಳ್ಚ್‌ಕಂಡ್ ಕುಂತವ್ಳೆ. ಏಡಿ ಕೊಟ್ರೂ ಮುಟ್ನಿಲ್ಲ."

ಬಸ್ಸಿನಲ್ಲಿ ಕೂತು ರಾಜಣ್ಣನವರಿಗೆ ವಿಷಯ ತಿಳಿಸಿದೆ. ಅವರಿಗೆ ಉಡುಗೊರೆಯ ಸುದ್ದಿ ಆಗಲೇ ಗೊತ್ತಿತ್ತು. "ಹೂ ಮುಟ್ಬೇಡ ಮೀನಾಕ್ಷಿ. ಇವ್ರೂ ನಮ್ಮ ಗಿರಾಕಿ, ಅವ್ರೂ ನಮ್ಮ ಗಿರಾಕಿ. ಬಾವ ಬಾಮೈದ್ರು ಮಧ್ಯೆ ನಾವ್ಯಾಕೆ? ನೀರಿಗೆ ಏನಾದ್ರು ಔಷಧಿ ಹಾಕಿ ಬಾ" ಎಂದರು. ಯಾವ ಔಷಧಿ ಎಂದು ಕೇಳಿದೆ. "ಏನಾದ್ರು" ಎಂದರು. ನಮ್ಮ ಅಂಗಡಿಯಲ್ಲಿ ಆಗ ಹೆಚ್ಚು ಖರ್ಚಾಗುತ್ತಿದ್ದ ಔಷಧಿ ತಾಮ್ರದ್ದು.

ಕಡಲ ಹೂವು ರಾತ್ರಿ ತನ್ನಷ್ಟಕ್ಕೆ ಜರುಗಿ ಗವಿಯ ಬಾಗಿಲಿಗೇ ಬಂದು ಕೂತಿತ್ತು. ಎಂಟ್ಕಾಲಮ್ಮನ ಒಂದು ಕಾಲಿನ ತುದಿ ಸುಟ್ಟ ಹಾಗೆ ಮುದುಡಿತ್ತು, ಇನ್ನೊಂದರ ಮೇಲೆ ಬರೆ. ಹೊರಗೆ ಬರುವುದಕ್ಕೆ ದಾರಿಯಿಲ್ಲದೆ ಹಿಂದಿನ ಕಲ್ಲಿಗೆ ಅಂಟಿಕೊಂಡಿತ್ತು. ಅದರ ಕಣ್ಣು ನನ್ನ ಕಡೆಗೇ ಇತ್ತು. ಇಷ್ಟು ವರ್ಷ ಎಷ್ಟೋ ಮೀನು ಸತ್ತದ್ದನ್ನು ನೋಡಿ ಗಟ್ಟಿಯಾದ ಮನಸ್ಸು ನನ್ನದು ಎಂದುಕೊಂಡಿದ್ದೆ. ಆ ಕಣ್ಣನ್ನು ನೋಡಿದವಳೇ ಬಕೆಟ್ ಎತ್ತಿಕೊಂಡೆ.

"ಗೌಡ್ರೆ, ಹೂವು ತೆಗೀಬೇಕು" ಎಂದೆ.

"ಅದು ಬಾವ ತಂದ್ ಉಡುಗೊರೆ ಮೇಡಂ. ನಾಳಿಕ್ ಅವ್ರು ಬಂದು ಎಲ್ಲಿ ಅಂದ್ರೆ ಏನ್ ಏಳ್ಳಿ? ನನ್ನ ತಂಗಿ ಆ ಮನೇಲಿ ಬಾಳ್ಬೇಕು. ಆಕ್ಟೋಪಸ್ ಓದ್ರೆ ಇನ್ನೊಂದು ತರ್ಸ್ತೀನಿ."

ಗೌಡರ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಮನೆಯಲ್ಲಿ ಆಕ್ಟೋಪಸ್ಸಿಗಿಂತ ಭಾವ ದೊಡ್ಡವರು. ನಾನು ಸಂಬಳದವಳು, ಯಜಮಾನರು ಮುಟ್ಟಬೇಡ ಅಂದಿದ್ದಾರೆ, ಟ್ಯಾಂಕಿನವರು ಬೇಡ ಅನ್ನುತ್ತಿದ್ದಾರೆ. ಬಕೆಟ್ ಹಿಡಿದು ಸುಮ್ಮನೆ ನಿಂತೆ. ಆಗ ಸಾಕಮ್ಮ ಫೋನು ಎತ್ತಿಕೊಂಡು ಮಗನ ಕೈಗೆ ಕೊಟ್ಟು, "ಅಳಿಯನ್ಗೆ ಮಾಡ್ಲಾ" ಎಂದರು. ಗೌಡರು ಮಾಡಿ ಕೊಟ್ಟರು.

"ಅಳಿಯಂದ್ರೇ, ಚೆನ್ನಾಗಿದ್ದೀರಾ? ಮಕ್ಳು? ನೀವ್ ಕೊಟ್ಟ್ ಹೂವ ಬಾಳ ಚೆನ್ನಾಗದೆ. ನಮ್ಮನೆ ಜೀವುಕ್ಕೆ ಅದು ಒಗ್ನಿಲ್ಲ, ಕಚ್‌ಬುಟ್ಟದೆ. ನಿಮ್ಮನೆ ಮೀನ್ಗೆ ಒಗ್ತದಂತಲ್ಲ, ಅಲ್ಲಿಗೇ ಕಳುಸ್ತೀನಿ. ನಾನ್ ಕೊಟ್ಟೆ ಅಂತ ಇಟ್ಕಳಿ. ಬ್ಯಾಡ ಅಂದ್ರೆ ನಂಗ್ ಬೇಜಾರಾಯ್ತದೆ."

ಅತ್ತೆಯ ಉಡುಗೊರೆಯನ್ನು ಬೇಡ ಎನ್ನುವ ಅಳಿಯ ನಮ್ಮ ತಾಲ್ಲೂಕುಗಳಲ್ಲಿ ಹುಟ್ಟಿಲ್ಲ. ಫೋನು ಇಟ್ಟ ಸಾಕಮ್ಮ ನನಗೆ, "ಏನವ್ವ ಬಕೀಟ್ ಇಡ್ಕಂಡ್ ನಿಂತಿದ್ದೀ? ಎತ್ತು" ಅಂದರು. ನಾನು ಎತ್ತಿದೆ. ಅಂದೇ ಅದನ್ನು ಮಳವಳ್ಳಿಗೆ ಬಸ್ಸಿನಲ್ಲಿ ಒಯ್ದೆ. ಪಕ್ಕದಲ್ಲಿ ಕೂತವರು ಬಕೆಟ್ ಇಣುಕಿ, "ಇದನ್ನ ಎಂಗ್ ಮಾಡ್ತಾರೆ? ಉರಿಯದಾ, ಸಾರಾ?" ಎಂದು ಕೇಳಿದರು. ರಾಜಣ್ಣನವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆ ಅಂಗಡಿಯಲ್ಲಿ ನನಗೆ ಅಷ್ಟು ನೆಮ್ಮದಿಯ ವಾರ ಬೇರೆ ಸಿಗಲಿಲ್ಲ.

ಎಂಟ್ಕಾಲಮ್ಮ ಚೇತರಿಸಿಕೊಂಡಿತು. ಮುದುಡಿದ ಕಾಲಿನ ತುದಿ ಉದುರಿ, ಅಲ್ಲಿ ಎಳೆಯದೊಂದು ಚಿಗುರಿತು. ಅದು ಮತ್ತೆ ಸಾಕಮ್ಮನ ಬಳೆ ಎಣಿಸತೊಡಗಿತು. ಕೆಲವು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ ಒಂದು ದಿನ ಏಡಿ ಬೇಡ ಎಂದಿತು. ಗೌಡರೇ ಫೋನ್ ಮಾಡಿ, "ಗ್ಯಾರಂಟಿ ಅದಾ ಮೇಡಂ ಇದಕ್ಕೆ?" ಎಂದು ಕೇಳಿದರು.

ಟಾರ್ಚು ಹಾಕಿ ನೋಡಿದೆ. ಗವಿಯ ಸೂರಿಗೆ ಸಬ್ಬಕ್ಕಿ ಪೋಣಿಸಿ ಇಳಿಬಿಟ್ಟ ಹಾಗೆ ಮೊಟ್ಟೆಗಳು. ಅದು ಅವುಗಳನ್ನು ತಬ್ಬಿಕೊಂಡು, ಒಂದೇ ಸಮನೆ ನೀರು ಊದುತ್ತ ಕೂತಿತ್ತು. ಸಾಕಮ್ಮನಿಗೆ ಸುಳ್ಳು ಹೇಳಲು ಆಗಲಿಲ್ಲ.

"ಅವ್ವ, ಇವು ಮೊಟ್ಟೆ ಇಟ್ಟ ಮೇಲೆ ಊಟ ಬಿಡ್ತವೆ. ಕಾಯ್ಕೊಂಡು ಕೂತ್ಕೋತವೆ. ಆಮೇಲೆ ಬದುಕೋದಿಲ್ಲ."

"ಔಸ್ತಿ?"

"ಇಲ್ಲ. ಇದು ಕಾಯಿಲೆ ಅಲ್ಲ."

ಸಾಕಮ್ಮ ಗಾಜಿಗೆ ಮುಖ ತಂದು ಗವಿಯೊಳಗೆ ಇಣುಕಿದರು. "ಮರಿ ಆಯ್ತವಾ?" ಎಂದರು. ಗಂಡು ಸೇರಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೆ. "ಅದ್ಕೆ ಗೊತ್ತಿರ್ತದೆ. ಅದ್ಕೇ ಕಾಯ್ತಾ ಕುಂತದೆ" ಎಂದು, ಟಾರ್ಚು ಆರಿಸಲು ಹೇಳಿದರು.

ಮರಿ ಆಗಲಿಲ್ಲ. ಎಂಟ್ಕಾಲಮ್ಮ ದಿನದಿನಕ್ಕೂ ಬಿಳಿಚಿಕೊಳ್ಳುತ್ತ ಒಂದು ಮಧ್ಯಾಹ್ನ ಊದುವುದನ್ನು ನಿಲ್ಲಿಸಿತು. ಸಾಕಮ್ಮ ಅದನ್ನು ಹಿತ್ತಲಿನ ದಾಸವಾಳದ ಬುಡದಲ್ಲಿ ಮಣ್ಣು ಮಾಡಿಸಿದರು. ರಾಜಣ್ಣನವರು ಗೌಡರಿಗೆ ಫೋನಿನಲ್ಲಿ ಆಗಲೇ "ಇನ್ನೊಂದು ಐತೆ" ಅಂದಿದ್ದರು. ಸಾಕಮ್ಮ ಬೇಡ ಎಂದುಬಿಟ್ಟರು. ಟ್ಯಾಂಕು ಮಾತ್ರ ಇರಲಿ, ಆ ಅಣಬೆ, ತೊಗಲು, ಹುಲ್ಲು ಏನು ತಪ್ಪು ಮಾಡಿವೆ ಎಂದರು. ಕೀಳುವವರು ಇಲ್ಲದ ಕಾರಣ ಅವು ಸೊಂಪಾಗಿ ಹಬ್ಬಿದವು. ತಿಂಗಳಿಗೊಮ್ಮೆ ನಾನು ಹೋಗಿ ಗಾಜು ಉಜ್ಜಿ ಬರುತ್ತಿದ್ದೆ.

ಗೌಡರು ಆಕ್ಟೋಪಸ್ ಸತ್ತ ಸುದ್ದಿಯನ್ನು ಮಳವಳ್ಳಿಯವರೆಗೆ ಹೋಗಗೊಡಲಿಲ್ಲ. ನೆಂಟರು ಬಂದು ಎಲ್ಲಿ ಎಂದರೆ, "ಒಳಗದೆ. ಜನ ಕಂಡ್ರೆ ನಾಚ್ಕೆ. ತಾಳ್ಮೆ ಇದ್ದವ್ರಿಗೆ ಮಾತ್ರ ಕಾಣ್ತದೆ" ಎನ್ನುತ್ತಿದ್ದರು. ತಾಳ್ಮೆಯ ಮಾತು ಬಂದಮೇಲೆ ಯಾರು ಹಿಂದೆ ಸರಿಯುತ್ತಾರೆ? ಒಮ್ಮೆ ನಾನು ಗಾಜು ಒರೆಸುತ್ತಿದ್ದಾಗ ಭಾವ ಮಾದೇಗೌಡರೇ ಬಂದು ಟ್ಯಾಂಕಿನ ಮುಂದೆ ಕುರ್ಚಿ ಹಾಕಿಸಿಕೊಂಡರು. ಕಾಫಿ ಬಂತು, ಆರಿತು. ಕಡೆಗೆ ಅವರು ಗವಿಯ ಕಡೆ ಬೆರಳು ತೋರಿಸಿ, "ಕಾಣ್ತು ಕಣಯ್ಯ. ಒಂದ್ ಕಾಲ್ ಈಚ್ಗೆ ಹಾಕಿ ಎಳ್ಕತು" ಎಂದರು. ಜವರೇಗೌಡರು ಹೆಮ್ಮೆಯಿಂದ ಮೀಸೆ ತಿರುವಿದರು.

ನಾನು ಸಾಕಮ್ಮನ ಮುಖ ನೋಡಿದೆ. ಅವರು ಸೊಪ್ಪು ಸೋಸುತ್ತಿದ್ದರು.

"ನೋಡ್ಲಿ ಬುಡವ್ವ" ಎಂದರು ನನಗಷ್ಟೇ ಕೇಳುವಂತೆ. "ಅದು ಇದ್ದಾಗ ಯಾರೂ ಇಷ್ಟೊತ್ತು ಕುಂತು ನೋಡ್ನಿಲ್ಲ."